ಇಲವಾಲ ಹೋಬಳಿಯ ಅತ್ತೆಮಾವಂದಿರಿಗೆ ಒಂದು ಬಹಿರಂಗ ಪತ್ರ

ಇಲವಾಲ,
ಮೈಸೂರು ತಾಲ್ಲೂಕು.

ಇಲವಾಲದಲ್ಲಿಯೂ ಗುಂಗ್ರಾಲ್ ಛತ್ರ, ಸಾಗರಕಟ್ಟೆ ಮೊದಲಾದ ನಮ್ಮ ಸುತ್ತಿನ ಊರುಗಳಲ್ಲಿಯೂ ಸಂಸಾರಗಳನ್ನು ನಡೆಸಿಕೊಂಡು ಬರುತ್ತಿರುವ ಹಿರಿಯರಾದ ಅತ್ತೆಯವರಿಗೂ ಮಾವನವರಿಗೂ, ಈ ಊರಿನ ನಿವೃತ್ತ ಉಪಾಧ್ಯಾಯಿನಿಯೊಬ್ಬಳ ಸವಿನಯ ವಂದನೆಗಳು.

ಪೂಜ್ಯರೆ,

ಮಕ್ಕಳಾಗಲಿಲ್ಲವೆಂಬ ಕೊರಗನ್ನು ನೀಗಿಕೊಳ್ಳಲು ಮೈಸೂರಿನ ಆಸ್ಪತ್ರೆಗಳಿಗೆ ಎಡತಾಕುವ ಸೊಸೆಯಂದಿರು ನಮ್ಮ ಹೋಬಳಿಯಲ್ಲಿ ಇಂದು ಒಬ್ಬಿಬ್ಬರಲ್ಲ. ಹುಣಸೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಮೈಸೂರಿನತ್ತ ಸಾಗುವ ಬಸ್ಸುಗಳಲ್ಲಿ, ಸ್ಕ್ಯಾನಿಂಗ್ ವರದಿಗಳ ಕಡತವನ್ನು ಸೆರಗಿನ ಮರೆಯಲ್ಲಿ ಹಿಡಿದು, ಪರಿಚಿತರ ಕಣ್ಣು ತಪ್ಪಿಸಿ ಕಿಟಕಿಯ ಕಡೆಗೆ ಮುಖಮಾಡಿ ಕುಳಿತಿರುವ ಹೆಣ್ಣುಮಕ್ಕಳನ್ನು ನೀವೂ ಕಂಡಿರುತ್ತೀರಿ. ನಾನು ವೈದ್ಯಳಲ್ಲ. ಆದರೆ ನನ್ನ ತಂಗಿಯ ಮಗಳು ತನ್ನ ಚಿಕಿತ್ಸೆಯ ಕಾಲದಲ್ಲಿ ನಮ್ಮ ಮನೆಯಲ್ಲಿಯೇ ಇದ್ದುದರಿಂದಲೂ, ನನ್ನಲ್ಲಿ ಓದಿದ ಹುಡುಗಿಯರು ಕೆಲವರು ಹೆತ್ತ ತಾಯಿಯಲ್ಲಿಯೂ ಹೇಳಲಾರದುದನ್ನು ನನ್ನಲ್ಲಿ ಬಂದು ಹೇಳಿಕೊಂಡುದರಿಂದಲೂ, ಆಮೇಲೆ ಈ ವಿಷಯವನ್ನು ಓದಿ, ಬಲ್ಲ ವೈದ್ಯರನ್ನು ಕೇಳಿ ಅರಿತುಕೊಂಡುದರಿಂದಲೂ, ಒಂದು ಮಾತನ್ನು ನಿಮ್ಮ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಈ ಚಿಕಿತ್ಸೆಯಲ್ಲಿ ವೈದ್ಯರ ಕೈಯಲ್ಲಿರುವುದು ಬಹಳ; ಹಣವಿಲ್ಲದೆ ಆಗದಿರುವುದೂ ಬಹಳ; ಯಾರ ಕೈಯಲ್ಲಿಯೂ ಇಲ್ಲದಿರುವುದು ಇನ್ನೂ ಬಹಳ. ಆದರೆ ಅದರ ಒಂದು ಭಾಗ ಮಾತ್ರ ಸಂಪೂರ್ಣವಾಗಿ ಮನೆಯ ಹೊಸ್ತಿಲೊಳಗೆ ನಡೆಯತಕ್ಕದ್ದು. ಅದೆಂದರೆ ಹಾರ್ಮೋನಿನ ಮಾತ್ರೆಗಳನ್ನೂ ಇಂಜೆಕ್ಷನ್ನುಗಳನ್ನೂ ಹೇಳಿದ ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು. ಹೊತ್ತನ್ನು ಕಾಯುವುದು ಸೊಸೆಯ ಕೆಲಸವಲ್ಲವೆ, ಅದಕ್ಕೆ ನಮಗೇಕೆ ಪತ್ರ ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಹೊತ್ತಿನ ಮೇಲಣ ಅಧಿಕಾರ ಸೊಸೆಗೆ ಎಂದು ಇದ್ದಿತು? ಏಳುವ ಹೊತ್ತು, ಒಲೆ ಹಚ್ಚುವ ಹೊತ್ತು, ಹಾಲು ಡೇರಿಗೆ ಹೋಗುವ ಹೊತ್ತು, ನೆಂಟರಿಗೆ ಎಲೆ ಹಾಕುವ ಹೊತ್ತು, ಎಲ್ಲರ ಊಟವಾದ ಮೇಲೆ ಅವಳು ತಟ್ಟೆಯ ಮುಂದೆ ಕೂರುವ ಹೊತ್ತು, ಇವೆಲ್ಲವೂ ನಿಮ್ಮ ಮಾತಿನಿಂದ ನಿಶ್ಚಯವಾಗುತ್ತವೆ. ಆದ್ದರಿಂದಲೇ ಈ ವಿಜ್ಞಾಪನೆ ಅವಳಿಗಲ್ಲ, ಅವಳ ಗಂಡನಿಗೂ ಅಲ್ಲ, ನಿಮಗೆ.

ಹೊತ್ತಿಗೆ ಇಷ್ಟು ಬೆಲೆ ಏಕೆ ಬಂದಿತೆಂಬುದನ್ನು ತಿಳಿಯದೆ ಅದನ್ನು ಕಾಯಬೇಕೆಂದು ಯಾರಿಗೂ ಹೇಳಲಾಗದು. ತಿಂಗಳ ನಡುವಿನಲ್ಲಿ ಅಂಡಾಶಯದ ಕೋಶವೊಂದು ಒಡೆದು ಅಂಡಾಣು ಹೊರಬಿದ್ದ ಮೇಲೆ, ಬರಿದಾದ ಆ ಕೋಶವು ವ್ಯರ್ಥವಾಗದೆ ಪೀತಪಿಂಡವೆಂಬ ಹಳದಿ ಬಣ್ಣದ ಗ್ರಂಥಿಯಾಗಿ ಮಾರ್ಪಟ್ಟು, ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಹೇರಳವಾಗಿ ಸ್ರವಿಸತೊಡಗುತ್ತದೆ. ಈ ಪೀತಪಿಂಡದ ಸಾರವಿಲ್ಲದೆ ಬಸಿರು ನಿಲ್ಲಲಾರದೆಂಬುದನ್ನು ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ ಎಂಬ ವಿದ್ವಾಂಸರು 1929ರಲ್ಲಿ ಮೊಲಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ಕೋಶ ಒಡೆಯುವವರೆಗೆ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಬೆಳೆಸಿ ದಪ್ಪಗೊಳಿಸಿದ ಗರ್ಭಕೋಶದ ಒಳಪದರವನ್ನು ಭ್ರೂಣಕ್ಕೆ ನೆಲೆಯಾಗುವಂತೆ ಹದಗೊಳಿಸುವುದು ಈ ಪ್ರೊಜೆಸ್ಟರಾನ್. ಹಾಗೆ ಹದಗೊಂಡ ಒಳಪದರವು ಭ್ರೂಣವನ್ನು ಸ್ವೀಕರಿಸುವುದು ತಿಂಗಳಿನಲ್ಲಿ ಕೆಲವೇ ದಿನಗಳ ಮಟ್ಟಿಗೆ. ಪ್ರೊಜೆಸ್ಟರಾನ್ ಬೇಗ ಬಂದರೆ ಒಳಪದರವು ಭ್ರೂಣಕ್ಕಿಂತ ಮುಂದೆ ಹೋಗಿಬಿಡುತ್ತದೆ. ತಡವಾಗಿ ಬಂದರೆ ಭ್ರೂಣವು ಸಿದ್ಧವಾಗಿದ್ದರೂ ನೆಲ ಸಿದ್ಧವಾಗಿರುವುದಿಲ್ಲ. ಮಳೆ ಬಿದ್ದ ಹೊಲದಲ್ಲಿ ಹದ ನೋಡಿ ರಾಗಿ ಬಿತ್ತಿದ ಕೈಗಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು.

ಜನರು ಪ್ರನಾಳ ಶಿಶುವೆಂದೂ ಆಸ್ಪತ್ರೆಯವರು ಐವಿಎಫ್ ಎಂದೂ ಕರೆಯುವ ಚಿಕಿತ್ಸೆಯಲ್ಲಿ, ಒಂದರ ಬದಲು ಹಲವು ಅಂಡಾಣುಗಳು ಬೆಳೆಯಲೆಂದು ಹಾರ್ಮೋನಿನ ಇಂಜೆಕ್ಷನ್ನುಗಳನ್ನು ಕೊಡುತ್ತಾರೆ. ಹಲವು ಕೋಶಗಳು ಒಟ್ಟಿಗೆ ಬೆಳೆದುದರಿಂದ ದೇಹದಲ್ಲಿ ಹಾರ್ಮೋನುಗಳು ಸಹಜ ಪ್ರಮಾಣವನ್ನು ಮೀರಿ ಏರುತ್ತವೆ. ಏರಿದುದನ್ನು ಕಂಡು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪೀತಪಿಂಡವನ್ನು ಪೋಷಿಸುವ ತನ್ನ ಸಂದೇಶವನ್ನು ನಿಲ್ಲಿಸಿಬಿಡುತ್ತದೆ. ಪೋಷಣೆ ತಪ್ಪಿದ ಪೀತಪಿಂಡಗಳು ಅಕಾಲದಲ್ಲಿ ಬಾಡುತ್ತವೆ. ಈ ಕೊರತೆಯನ್ನು ತುಂಬಲೆಂದೇ ಹೊರಗಿನಿಂದ ಪ್ರೊಜೆಸ್ಟರಾನನ್ನು ಕೊಡುವುದು. ಅದನ್ನು ಆರಂಭಿಸಲು ತಕ್ಕ ಕಾಲ ಅಂಡಾಣುಗಳನ್ನು ಹೊರತೆಗೆದ ದಿನದ ಸಂಜೆಯಿಂದ ಮೂರನೆಯ ದಿನದೊಳಗೆ ಎಂಬುದು ಯುರೋಪಿನ ತಜ್ಞ ವೈದ್ಯರ ಸಂಘವು ತನ್ನ ಮಾರ್ಗಸೂಚಿಯಲ್ಲಿ ಹೇಳಿರುವ ಮಾತು. ಹೆಪ್ಪುಗಟ್ಟಿಸಿ ಇಟ್ಟ ಭ್ರೂಣವನ್ನು ಮಾತ್ರೆಗಳಿಂದ ಸಿದ್ಧಪಡಿಸಿದ ಗರ್ಭಕೋಶಕ್ಕೆ ಸೇರಿಸುವಾಗಲಂತೂ ಲೆಕ್ಕ ಇನ್ನೂ ಬಿಗಿಯಾದುದು. ಮೊದಲು ಎರಡು ವಾರಗಳ ಆಸುಪಾಸು ಈಸ್ಟ್ರೋಜನ್ ಮಾತ್ರೆ. ಒಳಪದರವು ಏಳು ಮಿಲಿಮೀಟರಿಗಾದರೂ ಬೆಳೆದುದನ್ನು ಸ್ಕ್ಯಾನಿಂಗಿನಲ್ಲಿ ನೋಡಿ ಆಮೇಲೆ ಪ್ರೊಜೆಸ್ಟರಾನ್. ಐದು ದಿನ ಬೆಳೆದ ಭ್ರೂಣವಾದರೆ ಸಾಮಾನ್ಯವಾಗಿ ಪ್ರೊಜೆಸ್ಟರಾನಿನ ಐದು ದಿನಗಳು ತುಂಬಿದ ಮೇಲೆ ವರ್ಗಾವಣೆ. ಅಂತಹ ತಿಂಗಳಿನಲ್ಲಿ ಅವಳ ಅಂಡಾಶಯದಲ್ಲಿ ಪೀತಪಿಂಡವೇ ಇರುವುದಿಲ್ಲ. ಮಾಸು ಬೆಳೆದು ಆ ಕೆಲಸವನ್ನು ವಹಿಸಿಕೊಳ್ಳುವವರೆಗೆ ಬಸಿರಿಗೆ ಆಧಾರವಾಗಿರುವುದು ಡಬ್ಬಿಯಲ್ಲಿರುವ ಆ ಮಾತ್ರೆಗಳು ಮಾತ್ರ. ಆದುದರಿಂದಲೇ ವೈದ್ಯರು ಅವನ್ನು ಹತ್ತು ಹನ್ನೆರಡು ವಾರಗಳವರೆಗೆ ಮುಂದುವರಿಸುತ್ತಾರೆ. ಪರೀಕ್ಷೆಯಲ್ಲಿ ಬಸಿರು ಎಂದು ಬಂದೊಡನೆಯೆ "ಇನ್ನೇಕೆ ಈ ಮಾತ್ರೆ, ದೇವರು ಕೊಟ್ಟಾಯಿತಲ್ಲ" ಎಂದು ಸಂತೋಷದ ಭರದಲ್ಲಿ ಹೇಳುವ ಒಂದು ಮಾತು ಎಷ್ಟು ಅಪಾಯದ್ದೆಂಬುದು ಇದರಿಂದ ನಿಮಗೆ ವೇದ್ಯವಾದೀತು.

ಎಲ್ಲಕ್ಕಿಂತಲೂ ಕಟ್ಟುನಿಟ್ಟಾದ ಹೊತ್ತು ಇನ್ನೊಂದು ಉಂಟು. ಅಂಡಾಣುಗಳು ಕೊನೆಯ ಪಕ್ವತೆಗೆ ಬರಲೆಂದು ಕೊಡುವ ಒಂದು ಇಂಜೆಕ್ಷನ್ನನ್ನು ಆಸ್ಪತ್ರೆಗಳಲ್ಲಿ ಟ್ರಿಗರ್ ಎನ್ನುತ್ತಾರೆ. ಅದನ್ನು ಕೊಟ್ಟ ಮೂವತ್ತನಾಲ್ಕರಿಂದ ಮೂವತ್ತಾರು ಗಂಟೆಗಳ ಮೇಲೆ ಅಂಡಾಣುಗಳನ್ನು ಹೊರತೆಗೆಯಬೇಕು. ಬಹಳ ಮುಂಚೆ ತೆಗೆದರೆ ಅವು ಕಾಯಿಯಾಗಿಯೇ ಇರುತ್ತವೆ, ಬಹಳ ತಡವಾದರೆ ತಾವಾಗಿಯೇ ಕೋಶವನ್ನು ಒಡೆದುಕೊಂಡು ಹೊರಟುಹೋಗುತ್ತವೆ. ನಾಡಿದ್ದು ಬೆಳಿಗ್ಗೆ ಹತ್ತು ಗಂಟೆಗೆ ಅಂಡಾಣು ತೆಗೆಯುವುದೆಂದರೆ ಇಂದು ರಾತ್ರಿ ಹತ್ತು ಗಂಟೆಗೆ ಇಂಜೆಕ್ಷನ್ ಆಗಬೇಕು. ಅದು ನಮ್ಮ ಊರಿನ ಹೆಚ್ಚಿನ ಬಾಗಿಲುಗಳು ಮುಚ್ಚಿರುವ ಹೊತ್ತು.

ನನ್ನಲ್ಲಿ ಓದಿದ ಹುಡುಗಿಯೊಬ್ಬಳ ಸಂಗತಿಯನ್ನು, ಅವಳ ಅಪ್ಪಣೆ ಪಡೆದು, ಹೆಸರನ್ನೂ ಊರನ್ನೂ ಬಿಟ್ಟು ಇಲ್ಲಿ ಹೇಳುತ್ತೇನೆ. ಅವಳಿಗೆ ಆ ಇಂಜೆಕ್ಷನ್ ರಾತ್ರಿ ಒಂಬತ್ತಕ್ಕೆ ಗೊತ್ತಾಗಿತ್ತು. ಮರುದಿನ ಕಳೆದು ಅದರ ಮಾರನೆಯ ಬೆಳಿಗ್ಗೆ ಎಂಟಕ್ಕೆ ಅಂಡಾಣು ತೆಗೆಯುವುದೆಂದು ನಿಶ್ಚಯವಾಗಿತ್ತು. ಆ ರಾತ್ರಿ ಮನೆಯಲ್ಲಿ ಮೈದುನನ ಮದುವೆಯ ಬೀಗರೂಟ. ಪಂಕ್ತಿಯ ಮೇಲೆ ಪಂಕ್ತಿ ಏಳುತ್ತಿರುವಾಗ ಹಿರಿಯ ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಏನೆನ್ನುತ್ತಾರೆ ಎಂಬ ಅಂಜಿಕೆ ಅವಳಿಗೆ. ಚಿಕಿತ್ಸೆಯ ವಿಷಯ ಬೀಗರಿಗೆ ತಿಳಿಯಕೂಡದೆಂಬ ಕಟ್ಟಪ್ಪಣೆ ಅತ್ತೆಯವರದು. ಕಡೆಯ ಪಂಕ್ತಿ ಎದ್ದು, ಪಾತ್ರೆಗಳು ಹಿತ್ತಲಿಗೆ ಹೋದ ಮೇಲೆ, ಹನ್ನೆರಡೂವರೆಗೆ ಗಂಡನು ಅವಳಿಗೆ ಇಂಜೆಕ್ಷನ್ ಕೊಟ್ಟನು. ತಡವಾಯಿತೆಂದು ಆಸ್ಪತ್ರೆಗೆ ತಿಳಿಸಲು ಅವರಿಬ್ಬರಿಗೂ ಧೈರ್ಯ ಬರಲಿಲ್ಲ. ವೈದ್ಯರು ತಮ್ಮ ಲೆಕ್ಕದಂತೆ ಎಂಟಕ್ಕೇ ಶಸ್ತ್ರಕ್ರಿಯೆ ನಡೆಸಿದರು. ಸಿಕ್ಕಿದ ಅಂಡಾಣುಗಳಲ್ಲಿ ಹೆಚ್ಚಿನವು ಪಕ್ವವಾಗಿರಲಿಲ್ಲ. ಒಂದು ಫೋನು ಹೋಗಿದ್ದರೆ ಶಸ್ತ್ರಕ್ರಿಯೆಯನ್ನು ಅಷ್ಟೇ ಗಂಟೆಗಳಷ್ಟು ಮುಂದಕ್ಕೆ ಹಾಕಬಹುದಾಗಿತ್ತೆಂಬುದು ಅವರಿಗೆ ಆಮೇಲೆ ತಿಳಿಯಿತು. ಅತ್ತೆಯವರು ಕ್ರೂರರಲ್ಲ. ಅವರಿಗೆ ಒಂಬತ್ತು ಗಂಟೆಯ ಅರ್ಥವನ್ನು ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಬರುವಂತಹ ವಾತಾವರಣ ಆ ಮನೆಯಲ್ಲಿರಲಿಲ್ಲ ಎಂಬುದನ್ನೂ ನಾನು ಮರೆಮಾಚಲಾರೆ.

ಇಂದು ಮನೆಯವರು ಕಾಯಬೇಕಾಗಿರುವ ಈ ಹೊತ್ತನ್ನು ಒಂದಾನೊಂದು ಕಾಲದಲ್ಲಿ ಆಸ್ಪತ್ರೆಯವರೇ ಹಗಲಿರುಳೂ ಕಾಯುತ್ತಿದ್ದರು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದುದಕ್ಕೆ ಮುನ್ನ, ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಎಂಬ ಮೂವರು, ಹಾರ್ಮೋನು ಕೊಟ್ಟು ನಡೆಸಿದ ಪ್ರಯತ್ನಗಳು ಮತ್ತೆ ಮತ್ತೆ ವಿಫಲವಾದುದನ್ನು ಕಂಡು, ದೇಹದ ಸಹಜ ಹೊತ್ತನ್ನೇ ಹಿಡಿಯಲು ನಿಶ್ಚಯಿಸಿದರು. ಮೂರು ಗಂಟೆಗೊಮ್ಮೆ ಮೂತ್ರವನ್ನು ಪರೀಕ್ಷಿಸಿ, ಹಾರ್ಮೋನು ಏರಿದ ಗಳಿಗೆಯನ್ನು ಗುರುತಿಸಿ, ಅಲ್ಲಿಂದ ಎಣಿಸಿ, ಅದು ಯಾವ ಹೊತ್ತಾದರೂ ಸರಿಯೆ ಶಸ್ತ್ರಕ್ರಿಯೆಗೆ ಸಿದ್ಧರಾಗಿರುತ್ತಿದ್ದರು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ದುರ್ಗಾ ಎಂಬ ಮಗು ಹುಟ್ಟಿತು. ಅವರ ವಿವೇಕ ಇನ್ನೊಂದು ತೆರನದು. ಹಾರ್ಮೋನು ಕೊಟ್ಟು ಅಂಡಾಣು ಬೆಳೆಸಿದ ತಿಂಗಳಿನಲ್ಲಿಯೇ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸದೆ, 53 ದಿನ ಹೆಪ್ಪುಗಟ್ಟಿಸಿ ಇಟ್ಟು, ದೇಹವು ತನ್ನ ಸಹಜ ಲಯಕ್ಕೆ ಮರಳಿದ ಮೇಲೆ ಸೇರಿಸಿದರು. ಬೆಳೆಸುವ ಕಾಲ ಬೇರೆ, ನೆಲೆಗೊಳಿಸುವ ಕಾಲ ಬೇರೆ ಎಂಬ ಆ ಅರಿವನ್ನು ಇಂದು ಲೋಕದ ಹಲವು ಆಸ್ಪತ್ರೆಗಳು ಅನುಸರಿಸುತ್ತಿವೆ. ಅಂದು ಮಾತ್ರ ಅಧಿಕಾರಿಗಳು ಅವರನ್ನು ನಂಬಲಿಲ್ಲ, ಹೀಯಾಳಿಸಿದರು. 1981ರಲ್ಲಿ ಅವರು ಪ್ರಾಣವನ್ನೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಇಂದಿರಾ ಹಿಂದೂಜಾ ಅವರೊಡನೆ ದುಡಿದು, ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿಗೆ ಪಾತ್ರರಾಗಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರು, ಮುಂದೆ ಬೆಂಗಳೂರಿನಲ್ಲಿ ನೆಲಸಿದವರು, ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ ನೋಡಿ, ಆ ಹಿರಿಮೆ ತಮ್ಮದಲ್ಲ, ಅವರದು ಎಂದು 1997ರಲ್ಲಿ ಲೋಕಕ್ಕೆ ಸಾರಿದರು. ಇಂತಹ ಔದಾರ್ಯವನ್ನು ಕುರಿತು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಇಲ್ಲಿಯೂ ಹೇಳದಿರಲು ಮನಸ್ಸು ಒಪ್ಪಲಿಲ್ಲ.

ಇನ್ನು ನಮ್ಮ ಅಡಿಗೆಮನೆಗಳಿಗೆ ಬರುತ್ತೇನೆ. ಅಂಡಾಣು ಬೆಳೆಸುವ ಇಂಜೆಕ್ಷನ್ನುಗಳು ಸಾಮಾನ್ಯವಾಗಿ ಆರಂಭವಾಗುವುದು ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ. ಅವುಗಳಲ್ಲಿ ಹಲವನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ, ಎಂದರೆ ಫ್ರಿಜ್ಜಿನಲ್ಲಿ ಇಡಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಫ್ರಿಜ್ಜು ಇರುವುದು ಅಡಿಗೆಮನೆಯಲ್ಲಿ, ದೇವರ ಗೂಡಿಗೆ ಒತ್ತಿಕೊಂಡು. ಮುಟ್ಟಾದವಳು ಮೂರು ದಿನ ಅಲ್ಲಿಗೆ ಹೋಗಕೂಡದೆಂಬುದು ಸಂಪ್ರದಾಯ. ಹಾಗಾದರೆ ಔಷಧವನ್ನು ಮುಟ್ಟಲೇಬೇಕಾದ ದಿನಗಳೂ ಫ್ರಿಜ್ಜನ್ನು ಮುಟ್ಟಬಾರದ ದಿನಗಳೂ ಒಂದೇ ಆದಂತಾಯಿತಲ್ಲವೆ? ಒಬ್ಬಳು ಹುಡುಗಿ ಹಜಾರದಲ್ಲಿ ಕುಳಿತು, ಹೊಲಕ್ಕೆ ಹೋದ ಅತ್ತೆ ಬಂದು ಔಷಧದ ಸೀಸೆಯನ್ನು ತೆಗೆದುಕೊಡುವವರೆಗೆ, ಗಡಿಯಾರವನ್ನೇ ನೋಡುತ್ತ ಕಾದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಡಿಮೈಲಿಗೆಯ ವಿಚಾರವಾಗಿ ನಿಮ್ಮೊಡನೆ ವಾದಕ್ಕೆ ನಿಲ್ಲುವುದು ಈ ಪತ್ರದ ಉದ್ದೇಶವಲ್ಲ. ನನ್ನ ಅಭಿಪ್ರಾಯವೇನೆಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಆದರೆ ನಿಮ್ಮ ಮನೆಯ ವಂಶದ ಕುಡಿಗಾಗಿಯೇ ಅವಳು ಆ ಸೂಜಿಯನ್ನು ಪ್ರತಿ ಸಂಜೆ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿರುವಾಗ, ಚಿಕಿತ್ಸೆಯ ಆ ತಿಂಗಳುಗಳ ಮಟ್ಟಿಗಾದರೂ ಫ್ರಿಜ್ಜಿನ ಬಾಗಿಲು ಅವಳಿಗೆ ತೆರೆದಿರಲಿ ಎಂದು ಬೇಡಿಕೊಳ್ಳುತ್ತೇನೆ. ಔಷಧವನ್ನು ಫ್ರಿಜ್ಜಿನ ನಡುವಣ ಅರೆಯಲ್ಲಿ ಇಡಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಟ್ಟು ಹೆಪ್ಪುಗಟ್ಟಿದರೆ ಅದು ಕೆಟ್ಟಿತು. ಕರೆಂಟು ಬಹಳ ಹೊತ್ತು ಹೋದರೆ ಏನು ಮಾಡಬೇಕೆಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಪ್ರೊಜೆಸ್ಟರಾನ್ ಮಾತ್ರೆಗಳಲ್ಲಿ ಹಲವು ಬಾಯಿಂದ ನುಂಗತಕ್ಕವಲ್ಲ. ಜನನಮಾರ್ಗದ ಒಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಮಲಗಿರಬೇಕಾದವು, ದಿನಕ್ಕೆ ಎರಡು ಮೂರು ಸಲ. ಒಂದೇ ಹಜಾರದಲ್ಲಿ ಎಲ್ಲರೂ ಮಲಗುವ ಮನೆಯಲ್ಲಿ, ಚಿಲಕವಿರುವ ಒಂದು ಕೋಣೆಯೂ ಅರ್ಧ ಗಂಟೆಯ ಏಕಾಂತವೂ ಇಲ್ಲದೆ ಅವಳು ಅದನ್ನು ಎಲ್ಲಿ ಮಾಡಿಯಾಳು? ಹಗಲು ಹೊತ್ತು ಅವಳು ಮಲಗಿದ್ದನ್ನು ಕಂಡು ಸೋಮಾರಿಯೆಂದು ಅಂದುಕೊಳ್ಳಬೇಡಿ. ಇದಕ್ಕೆ ಪ್ರತಿಯಾಗಿ ಇನ್ನೊಂದನ್ನೂ ಹೇಳಬೇಕು. ಭ್ರೂಣವನ್ನು ಸೇರಿಸಿದ ಮೇಲೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಕೂಡದೆಂದು ಪ್ರೀತಿಯಿಂದ ಕಟ್ಟಿಹಾಕುವ ಅತ್ತೆಯವರೂ ಇದ್ದಾರೆ. ಅಂತಹ ವಿಶ್ರಾಂತಿಯಿಂದ ಬಸಿರು ಹೆಚ್ಚಾಗಿ ನಿಲ್ಲುವುದೆಂಬುದಕ್ಕೆ ಆಧಾರವಿಲ್ಲ. ಅವಳು ನಡೆದಾಡಲಿ, ಮನೆಯ ಹಗುರ ಕೆಲಸಗಳನ್ನು ಮಾಡಲಿ. ಬೇಕಾದುದು ಆ ಅರ್ಧ ಗಂಟೆ ಮಾತ್ರ.

ಹಬ್ಬದ ಮಾತ್ರೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಗೌರಿಹಬ್ಬಕ್ಕೋ ಆಷಾಢ ಶುಕ್ರವಾರದ ಬೆಟ್ಟದ ದರ್ಶನಕ್ಕೋ ಮನೆದೇವರ ಹರಕೆಗೋ ಸೊಸೆ ಹೊರಗಾಗಿಬಿಟ್ಟಾಳೆಂದು, ಮುಟ್ಟನ್ನು ಮುಂದಕ್ಕೆ ಹಾಕುವ ಮಾತ್ರೆಯನ್ನು ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತರಿಸಿ ಕೊಡುವ ರೂಢಿ ನಮ್ಮಲ್ಲಿ ಬೇರೂರಿದೆ. ಅದೂ ಒಂದು ಹಾರ್ಮೋನೇ. ನಾರೆಥಿಸ್ಟರಾನ್ ಎಂದು ಅದರ ಹೆಸರು, ಪ್ರೊಜೆಸ್ಟರಾನಿನ ಕೃತಕ ಬಳಗಕ್ಕೆ ಸೇರಿದುದು. ಚಿಕಿತ್ಸೆಯ ನಡುವೆ ವೈದ್ಯರಿಗೆ ತಿಳಿಸದೆ ಅದನ್ನು ನುಂಗಿದರೆ, ಮುಟ್ಟಿನ ದಿನವನ್ನು ಆಧರಿಸಿ ಕಟ್ಟಿದ ಲೆಕ್ಕವೆಲ್ಲ, ಸ್ಕ್ಯಾನಿಂಗಿನ ದಿನದಿಂದ ಹಿಡಿದು ಭ್ರೂಣ ಸೇರಿಸುವ ದಿನದವರೆಗೆ, ತಲೆಕೆಳಗಾಗುತ್ತದೆ. ವೈದ್ಯರೇ ಒಮ್ಮೊಮ್ಮೆ ಅಂತಹ ಮಾತ್ರೆಯನ್ನು ತಮ್ಮ ಲೆಕ್ಕಕ್ಕೆ ತಕ್ಕಂತೆ ಕೊಡುವುದುಂಟು. ಅದು ಬೇರೆ ಮಾತು. ತಾಯಿ ಚಾಮುಂಡೇಶ್ವರಿಯ ದರ್ಶನ ಮುಂದಿನ ಶುಕ್ರವಾರವೂ ಆದೀತು.

ಸ್ವಲ್ಪ ರಕ್ತ ಕಂಡೊಡನೆಯೆ "ಹೋಯಿತು" ಎಂದು ಬಾಯಿಬಿಟ್ಟು ಹೇಳಿ ಮಾತ್ರೆಗಳನ್ನು ನಿಲ್ಲಿಸುವುದು ಇನ್ನೊಂದು ವಿಪತ್ತು. ಪ್ರೊಜೆಸ್ಟರಾನ್ ಇಟ್ಟುಕೊಳ್ಳುವಾಗ ಒಂದಿಷ್ಟು ರಕ್ತದ ಕಲೆ ಕಾಣಿಸುವುದು ಅಪರೂಪವಲ್ಲ, ಬಸಿರು ನಿಂತಿದ್ದರೂ ಕಾಣಿಸಬಹುದು. ನಿರ್ಣಯ ಮಾಡತಕ್ಕದ್ದು ಗೊತ್ತಾದ ದಿನದ ರಕ್ತಪರೀಕ್ಷೆ. ಮನೆಯಲ್ಲಿ ಮಾಡುವ ಕಡ್ಡಿಯ ಪರೀಕ್ಷೆಯನ್ನು ಆತುರಪಟ್ಟು ಮಾಡಿದರೆ ಅದು ಮೋಸಗೊಳಿಸುತ್ತದೆ. ಟ್ರಿಗರ್ ಇಂಜೆಕ್ಷನ್ನಿನ ಹಾರ್ಮೋನು ಹತ್ತು ದಿನಗಳಷ್ಟು ಕಾಲ ದೇಹದಲ್ಲಿ ಉಳಿದು ಇಲ್ಲದ ಬಸಿರನ್ನು ತೋರಿಸಬಹುದು. ಮುಟ್ಟು ನಿಂತಿತೆಂಬುದೂ ಸಾಕ್ಷ್ಯವಲ್ಲ, ಪ್ರೊಜೆಸ್ಟರಾನೇ ಅದನ್ನು ತಡೆಹಿಡಿದಿರಬಹುದು. ಈ ಮಾತ್ರೆ ಉಷ್ಣ, ಮೈಗೆ ಆಗದು ಎಂಬ ಮಾತು ಕೂಡ ನನ್ನ ಕಿವಿಗೆ ಬಿದ್ದಿದೆ. ಪ್ರೊಜೆಸ್ಟರಾನಿನಿಂದ ಮೈಯ ಬಿಸಿ ಒಂದು ಡಿಗ್ರಿಯ ಅಲ್ಪಭಾಗದಷ್ಟು ಏರುವುದು ನಿಜ, ಸಹಜ ತಿಂಗಳಿನಲ್ಲಿಯೂ ಅದು ಏರುತ್ತದೆ. ಆದರೆ ಮಾತ್ರೆ ನಿಲ್ಲಿಸಲು ಅದು ಕಾರಣವಲ್ಲ.

ಹಾಗೆಂದು ಪ್ರೊಜೆಸ್ಟರಾನ್ ಎಲ್ಲ ಬಸುರಿಯರಿಗೂ ಬೇಕಾದ ಸಂಜೀವಿನಿಯೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ, ಬಸಿರಿನ ಮೊದಲ ತಿಂಗಳುಗಳಲ್ಲಿ ರಕ್ತ ಕಂಡ 4,153 ಮಂದಿ ಹೆಂಗಸರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೊಜೆಸ್ಟರಾನ್ ಪಡೆದವರಲ್ಲಿ ನೂರಕ್ಕೆ 75 ಮಂದಿಯೂ ಪಡೆಯದವರಲ್ಲಿ 72 ಮಂದಿಯೂ ಜೀವಂತ ಶಿಶುವನ್ನು ಹೆತ್ತರು. ಪ್ರಯೋಜನ ಎದ್ದು ಕಂಡದ್ದು ಹಿಂದೆ ಗರ್ಭಪಾತಗಳಾಗಿದ್ದವರಲ್ಲಿ. ಆದುದರಿಂದ ಪಕ್ಕದ ಮನೆಯ ಸೊಸೆಗೆ ಫಲಿಸಿದ ಚೀಟಿಯನ್ನು ತಂದು ನಮ್ಮ ಸೊಸೆಗೆ ನುಂಗಿಸುವುದು ಹಿತವಲ್ಲ. ಗರ್ಭಪಾತವನ್ನು ತಡೆಯಲೆಂದು 1940ರ ದಶಕದಿಂದ ಲಕ್ಷಾಂತರ ಬಸುರಿಯರಿಗೆ ಕೊಟ್ಟ ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್, ಅವರ ಹೊಟ್ಟೆಯಲ್ಲಿದ್ದ ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಕೆಲವರಲ್ಲಿ ಅಪರೂಪದ ಕ್ಯಾನ್ಸರಾಗಿ ಫಲಿಸಿದುದು 1971ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರಿಂದ ಬೆಳಕಿಗೆ ಬಂದಿತು. ಅಂಡಾಣುಗಳ ಗುಣ ಹೆಚ್ಚಿಸುತ್ತದೆಂದು ಪೌಷ್ಟಿಕಾಂಶದ ಹೆಸರಿನಲ್ಲಿ ಮಾರಾಟವಾಗುವ ಡಿಎಚ್‌ಇಎ ಎಂಬುದೂ ಹಾರ್ಮೋನೇ. ಅಂಡಾಣುವಿನ ಕೋಶವು ಬೆಳೆದು ಬರಲು ತಿಂಗಳುಗಳು ಹಿಡಿಯುವುದರಿಂದ, ಕೊಡುವ ವೈದ್ಯರು ಅದನ್ನು ಚಿಕಿತ್ಸೆಗೆ ವಾರಗಳ ಮುಂಚೆಯೇ ಕೊಡುತ್ತಾರೆ. ಅದರ ಪ್ರಯೋಜನವೂ ಇನ್ನೂ ಸಿದ್ಧವಾಗಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗ ಯಾರೋ ಹೇಳಿದರೆಂದು ಅದನ್ನು ಸೇರಿಸುವುದರಿಂದ ಆಗುವ ಲಾಭವೇನೂ ಇಲ್ಲ.

ಥೈರಾಯ್ಡಿನ ಮಾತ್ರೆಯ ಬಗ್ಗೆ ಒಂದೇ ಮಾತು. ಅದನ್ನು ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ, ನೀರಿನೊಡನೆ ತೆಗೆದುಕೊಂಡು, ಅರ್ಧ ಗಂಟೆಯಿಂದ ಒಂದು ಗಂಟೆಯ ಮೇಲೆ ಕಾಫಿ ಕುಡಿಯಬೇಕು. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಕಾಫಿಯೊಡನೆ ಕೊಡುವ ಅಕ್ಕರೆ ಇಲ್ಲಿ ಸಲ್ಲದು.

ಇಷ್ಟೆಲ್ಲ ಹೇಳಿದ ಮೇಲೆ, ಈ ಪತ್ರವನ್ನು ಓದಿದವರು ಗಡಿಯಾರವನ್ನು ಸೊಸೆಯ ಮೇಲಣ ದೊಣ್ಣೆಯಾಗಿ ಮಾಡಿಕೊಂಡಾರೆಂಬ ಭಯವೂ ನನಗಿದೆ. ಎಲ್ಲ ಹೊತ್ತುಗಳೂ ಸಮಾನವಾಗಿ ಬಿಗಿಯಲ್ಲ. ಟ್ರಿಗರ್ ಇಂಜೆಕ್ಷನ್ ನಿಮಿಷ ನೋಡಿ ಆಗಬೇಕು. ದಿನದಿನದ ಮಾತ್ರೆ ಒಂದು ಸಲ ಅರ್ಧ ಗಂಟೆಯೋ ಒಂದು ಗಂಟೆಯೋ ಹಿಂದುಮುಂದಾದರೆ ಲೋಕ ಮುಳುಗುವುದಿಲ್ಲ. ಮರೆತರೆ ಎರಡನ್ನು ಒಟ್ಟಿಗೆ ತೆಗೆದುಕೊಳ್ಳದೆ ಆಸ್ಪತ್ರೆಗೆ ಫೋನು ಮಾಡಿ ಕೇಳಬೇಕು, ಅಷ್ಟೆ. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದರೂ ಚಿಕಿತ್ಸೆ ಎಷ್ಟೋ ಸಲ ಫಲಿಸುವುದಿಲ್ಲ. ಅದಕ್ಕೆ ಬಹುತೇಕ ಕಾರಣ ಭ್ರೂಣದ ಒಳಗಿನ ವರ್ಣತಂತುಗಳ ದೋಷವೇ ಹೊರತು ಅವಳು ಅಂದು ಹತ್ತು ನಿಮಿಷ ತಡವಾಗಿ ಮಲಗಿದ್ದಲ್ಲ. ನನ್ನ ತಂಗಿಯ ಮಗಳ ಮೊದಲ ಪ್ರಯತ್ನ, ಒಂದು ಹೊತ್ತೂ ತಪ್ಪದೆ ನಡೆದದ್ದು, ಫಲಿಸಲಿಲ್ಲ, ಆಮೇಲಿನದು ಫಲಿಸಿತು. ಫಲಿಸದ ದಿನ ಅವಳ ಮಾವನವರು ಹುಣಸೂರಿನಿಂದ ಬಂದು, "ನೀನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೀಯಮ್ಮ" ಎಂದ ಮಾತನ್ನು ಅವಳು ಇಂದಿಗೂ ನೆನೆಯುತ್ತಾಳೆ. ಇನ್ನು ಕೊರತೆ ಹೆಣ್ಣಿನಲ್ಲಿಯೇ ಎಂಬ ಪೂರ್ವಗ್ರಹವೂ ಸಾಕು. ಮಗನ ವೀರ್ಯಪರೀಕ್ಷೆ ಮೊದಲು ಆಗಲಿ, ಅದು ಅವಳು ಪಡುವ ಪಾಡಿನ ನೂರರಲ್ಲಿ ಒಂದು ಪಾಲೂ ಅಲ್ಲ.

ಈ ಮಾತುಗಳನ್ನು ಬಹಿರಂಗವಾಗಿ ಆಡುವುದು ನಾಚಿಕೆಗೇಡೆಂದು ಕೆಲವರಿಗೆ ತೋರಬಹುದು. 1930ರಷ್ಟು ಹಿಂದೆಯೇ, ಸಂತಾನನಿಯಂತ್ರಣದ ಸಲಹೆಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದ್ದು ನಮ್ಮ ಮೈಸೂರು ಸಂಸ್ಥಾನ. ಅಂದು ಲೋಕದ ಬೇರೆ ಹಲವು ಸರ್ಕಾರಗಳು ಆ ಮಾತನ್ನೆತ್ತಲೇ ಅಂಜುತ್ತಿದ್ದುವು. ಮಕ್ಕಳಾಗದಂತೆ ಮಾಡುವ ವಿಚಾರವನ್ನು ನಮ್ಮ ಅಜ್ಜಂದಿರ ಕಾಲದವರು ಮುಚ್ಚುಮರೆಯಿಲ್ಲದೆ ಚರ್ಚಿಸಿದರೆಂದ ಮೇಲೆ, ಮಕ್ಕಳಾಗುವಂತೆ ಮಾಡುವ ವಿಚಾರವನ್ನು ನಾವು ಸೆರಗಿನಲ್ಲಿ ಏಕೆ ಮುಚ್ಚಿಡಬೇಕು? 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರೂ ಪ್ರಧಾನಮಂತ್ರಿ ನೆಹರೂ ಅವರೂ ಪಕ್ಷಭೇದವಿಲ್ಲದೆ ನಾಡಿನ ನಾಯಕರೂ ನಮ್ಮ ಈ ಇಲವಾಲದಲ್ಲಿ ಸೇರಿ, ಭೂಮಿಯ ಒಡೆತನವನ್ನೇ ಊರೆಲ್ಲ ಹಂಚಿಕೊಳ್ಳುವ ಗ್ರಾಮದಾನವನ್ನು ಕುರಿತು ಸಮಾಲೋಚಿಸಿದರು. ಅಂತಹ ಊರಿನಲ್ಲಿದ್ದುಕೊಂಡು, ಒಬ್ಬ ಹೆಣ್ಣುಮಗಳ ಹೊತ್ತಿನ ಭಾರವನ್ನು ಅವಳ ಮನೆಯವರು ಹಂಚಿಕೊಳ್ಳಿರೆಂದು ಕೇಳುವುದು ಅತಿಯಾಸೆಯೆಂದು ನನಗೆ ತೋರುವುದಿಲ್ಲ.

ಆದುದರಿಂದ ನನ್ನ ಬೇಡಿಕೆ ಇಷ್ಟು. ಮುಂದಿನ ಸಲ ಸೊಸೆಯೊಡನೆ ಆಸ್ಪತ್ರೆಗೆ ನಿಮ್ಮಲ್ಲೊಬ್ಬರು ಹೋಗಿ. ಯಾವ ಔಷಧ, ಯಾವ ತಾರೀಖು, ಬೆಳಿಗ್ಗೆಯೋ ರಾತ್ರಿಯೋ, ಎಷ್ಟು ಗಂಟೆಗೆ, ಎಷ್ಟು ವಾರದವರೆಗೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವಂತೆ ಕೇಳಿ. ಚಿಕಿತ್ಸೆಯ ಸಾಧಕಬಾಧಕಗಳನ್ನೂ ಅಡ್ಡಪರಿಣಾಮಗಳನ್ನೂ ವೆಚ್ಚವನ್ನೂ ಫಲದ ಸಂಭವವನ್ನೂ ತಿಳಿಸಿ ಹೇಳುವುದು, 2022ರ ಜನವರಿಯಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯಿದೆಯ ಪ್ರಕಾರ ಚಿಕಿತ್ಸಾಲಯಗಳ ಕರ್ತವ್ಯ. ಕೇಳಲು ಸಂಕೋಚ ಬೇಡ. ಮುಟ್ಟಿನ ಮೊದಲ ದಿನವೆಂದು ಯಾವುದನ್ನು ಎಣಿಸಬೇಕು, ಕಲೆ ಕಂಡ ದಿನವನ್ನೋ ಚೆನ್ನಾಗಿ ರಕ್ತ ಹೋದ ದಿನವನ್ನೋ ಎಂಬುದನ್ನು ಮರೆಯದೆ ಕೇಳಿ, ಲೆಕ್ಕ ತಪ್ಪುವುದು ಅಲ್ಲಿಯೇ. ರಾತ್ರಿಯಲ್ಲಿ ಫೋನು ಮಾಡಬಹುದಾದ ಸಂಖ್ಯೆಯೊಂದನ್ನು ಪಡೆದುಕೊಳ್ಳಿ. ಆ ಚೀಟಿಯನ್ನು ಅವಳ ಟ್ರಂಕಿನೊಳಗೆ ಬಚ್ಚಿಡದೆ, ಪಂಚಾಂಗದ ಕ್ಯಾಲೆಂಡರು ತೂಗುವ ಮೊಳೆಗೇ ಸಿಕ್ಕಿಸಿ. ಹೊತ್ತಾದಾಗ ಬಡಿಸುತ್ತಿರುವ ಸೌಟನ್ನು ಅವಳ ಕೈಯಿಂದ ನೀವು ತೆಗೆದುಕೊಂಡು, "ಹೋಗಮ್ಮ, ನಿನ್ನ ಔಷಧದ ಹೊತ್ತಾಯಿತು" ಎಂದು ನೆಂಟರ ಎದುರಿಗೇ ಹೇಳಿ.

ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪಟ್ಟಿ ಅರ್ಥವಾಗದೆ ಇದ್ದರೆ, ಯಾವ ದಿನವಾದರೂ ಸಂಜೆ ನಮ್ಮ ಮನೆಗೆ ತನ್ನಿ. ಔಷಧವನ್ನು ಬದಲಾಯಿಸುವ ಯೋಗ್ಯತೆ ನನಗಿಲ್ಲ. ಆದರೆ ಬರೆದಿರುವುದನ್ನು ದಪ್ಪ ಅಕ್ಷರಗಳಲ್ಲಿ, ಗಂಟೆ ದಿನಗಳ ಸಮೇತ, ಕನ್ನಡದಲ್ಲಿ ಬರೆದುಕೊಡಲು ನಾನು ಸಂತೋಷದಿಂದ ಸಿದ್ಧಳಿದ್ದೇನೆ.

ಇತಿ,
ತಮ್ಮ ವಿಧೇಯಳಾದ
ಇಲವಾಲದ ನಿವೃತ್ತ ಉಪಾಧ್ಯಾಯಿನಿ